ಜಾಲಿತೊರೆಯ ಸವತಿ ಗೋಪುರ

ಜಾಲಿತೊರೆ ಪಾಳ್ಯಕ್ಕೆ ಬಸ್ಸಿನಲ್ಲಿ ಬರುವವರು ಊರಿನ ಹೆಸರು ಹೇಳಿ ಟಿಕೆಟ್ ಕೇಳಬೇಕಾಗಿಲ್ಲ. ‘ಸವತಿ ಗೋಪುರ’ ಎಂದರೆ ಸಾಕು, ಕಂಡಕ್ಟರು ತಲೆಯೆತ್ತಿ ನೋಡದೆ ಟಿಕೆಟ್ ಹರಿದುಕೊಡುತ್ತಾನೆ. ಹೊಸಬರು ಮಾತ್ರ ಇಳಿದ ಮೇಲೆ ತಬ್ಬಿಬ್ಬಾಗುತ್ತಾರೆ. ಅಲ್ಲಿರುವುದು ಕ್ರೈಸ್ತರ ಗುಡಿ. ಬಾಗಿಲ ಮೇಲಿನ ಕಲ್ಲಿನಲ್ಲಿ ‘ಸ್ವರ್ಗಸ್ವೀಕೃತ ಮಾತೆಯ ದೇವಾಲಯ’ ಎಂದು ಕೆತ್ತಿದೆ. ಸವತಿಯೆಂದರೆ ಒಬ್ಬ ಗಂಡನ ಇನ್ನೊಬ್ಬ ಹೆಂಡತಿ. ಇದು ಎಲ್ಲರಿಗೂ ಗೊತ್ತಿರುವುದೇ, ಆದರೂ ಹೇಳಿಬಿಡುವುದು ಮೇಲು. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದೆಂದು ಸಾರುವ ಮತದವರ ಗುಡಿಗೆ ಇಂಥ ಹೆಸರು ಹೇಗೆ ಅಂಟಿತು ಎಂಬುದೇ ಈ ಐತಿಹ್ಯ.

ಮೊದಲು ಗುಡಿ ಇಂದು ಹೇಗಿದೆಯೆಂದು ಹೇಳಬೇಕು, ಇಲ್ಲವಾದರೆ ಮುಂದಿನ ಕಥೆ ಕಣ್ಣಿಗೆ ಕಟ್ಟುವುದಿಲ್ಲ. ಈ ಸೀಮೆಯ ಬೇರೆ ಗುಡಿಗಳ ಬಾಗಿಲು ಪೂರ್ವಕ್ಕಿದ್ದರೆ ಇದರದು ಪಶ್ಚಿಮಕ್ಕಿದೆ. ಪೂಜೆಯ ಪೀಠ ಪೂರ್ವದಲ್ಲಿರಬೇಕು, ಭಕ್ತರು ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಬೇಕು ಎಂಬುದು ಇದನ್ನು ಕಟ್ಟಿಸಿದವರ ಪದ್ಧತಿ. ಪೀಠದ ಹಿಂದಿನ ಗೋಡೆ ನೇರವಾಗಿಲ್ಲ, ಅರ್ಧ ಚಂದ್ರನಂತೆ ಬಾಗಿದೆ. ಉದ್ದನೆಯ ಗೋಡೆಗಳಿಗೆ ಹೊರಗಿನಿಂದ ಮೋಟು ಗೋಡೆಗಳು ಆತುಕೊಂಡಿವೆ. ಒಳಗಿನ ಕಮಾನುಗಳ ಭಾರಕ್ಕೆ ಗೋಡೆ ಹೊರಕ್ಕೆ ಬಾಗದಿರಲೆಂದು ಹಾಗೆ ಕಟ್ಟುತ್ತಾರೆ. ಸೂರು ಬಹಳ ಕಡಿದಾಗಿದೆ. ಮೇಲಿನಿಂದ ಹಿಮ ಉದುರುವ ದೇಶದಲ್ಲಿ ಅದು ಜಾರಿ ಬೀಳಲೆಂದು ಇಂಥ ಸೂರು ಮಾಡುತ್ತಾರಂತೆ. ಜಾಲಿತೊರೆಯಲ್ಲಿ ಜಾರುವುದು ಹೆಂಚು ಮಾತ್ರ, ಅದೂ ಕೋತಿಗಳು ಓಡಾಡಿದಾಗ. ಬಾಗಿಲ ಪಕ್ಕದಲ್ಲಿರುವುದೇ ಗೋಪುರ. ಮೂಲೆಗಳು ಕಲ್ಲಿನವು, ನಡುವಿನ ಗೋಡೆ ಇಟ್ಟಿಗೆಯದು. ಬುಡದ ಅಗಲ ನೋಡಿದರೆ ಮುಗಿಲು ಮುಟ್ಟಬೇಕಿತ್ತು ಅನ್ನಿಸುತ್ತದೆ. ಆದರೆ ಗುಡಿಯ ಸೂರಿನ ಮಟ್ಟಕ್ಕೆ ಬಂದು, ಹೆಂಚಿನ ಟೋಪಿ ಹಾಕಿಕೊಂಡು ಕುಳಿತುಬಿಟ್ಟಿದೆ. ಒಳಗೆ ಗಂಟೆಯೂ ಇಲ್ಲ. ಗಂಟೆ ಅಂಗಳದಲ್ಲಿ ಎರಡು ಕಲ್ಲುಕಂಬಗಳ ನಡುವೆ ತೂಗುತ್ತಿದೆ. ಗುಡಿಗೆ ಎದುರಾಗಿ ರಸ್ತೆಯ ಆಚೆ ಒಂದು ಚಿಕ್ಕ ಮನೆಯಿದೆ. ಅದರ ಬಾಗಿಲನ್ನು ನೋಡಿದವರೆಲ್ಲ ನಿಂತುಬಿಡುತ್ತಾರೆ. ಆ ಬಾಗಿಲ ಮಾತು ಕೊನೆಗೆ ಬರುತ್ತದೆ.

ಹಿಂದೆ ಒಮ್ಮೆ, ಮೈಸೂರು ಸೀಮೆಗೆ ರೈಲು ಹೊಸದಾಗಿ ಬಂದಿದ್ದ ಕಾಲದಲ್ಲಿ, ಫ್ರಾನ್ಸ್ ದೇಶದಿಂದ ಲಾಂಬೇರ್ ಎಂಬ ಸ್ವಾಮಿಗಳು ಈ ಪಾಳ್ಯಕ್ಕೆ ಬಂದರು ಎನ್ನುತ್ತಾರೆ. ಆಗ ಇಲ್ಲಿ ಗುಡಿಯೆಂದರೆ ಹುಲ್ಲಿನ ಚಪ್ಪರ. ಲಾಂಬೇರ್ ಸ್ವಾಮಿಗಳು ಹುಟ್ಟಿದ್ದು ಆ ದೇಶದ ವಲ್‌ರೋಷ್ ಎಂಬ ಕುಗ್ರಾಮದಲ್ಲಿ. ಅಲ್ಲೊಂದು ಹಳೆಯ ಗುಡಿ, ಅದಕ್ಕೊಂದು ಎತ್ತರದ ಗಂಟೆಗೋಪುರ. ಇಲ್ಲಿಯೂ ಅಂಥದನ್ನೇ ಕಟ್ಟಿಸಬೇಕೆಂದು ಅವರು ತೊರೆಯ ಜೇಡಿಮಣ್ಣು ತರಿಸಿ, ತಮ್ಮೂರಿನ ಗುಡಿಯನ್ನು ಅಂಗೈಯಗಲದ ಬೊಂಬೆಯಂತೆ ಮಾಡಿ ಜಗಲಿಯ ಮೇಲೆ ಇಟ್ಟುಕೊಂಡಿದ್ದರು. ಕಟ್ಟುವ ಕೆಲಸಕ್ಕೆ ನಿಂತವನು ಗಾರೆ ಕೆಲಸದ ಸಂದ್ಯಾಗಪ್ಪ. ಅವನ ಹೆಂಡತಿ ಮದಲೇನಮ್ಮ. ಈ ಕಥೆ ಅವಳದೇ.

ಮದಲೇನಮ್ಮ ಸುಣ್ಣ ಸುಡುವ ಬಾಲಪ್ಪನ ಮಗಳು. ತೊರೆಯ ದಂಡೆಯಲ್ಲಿ ಸಿಗುವ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ ಮಾರುವುದು ಆ ಮನೆಯವರ ಕಸುಬು. ಸುತ್ತಲ ಊರುಗಳ ಮನೆಗಳೆಲ್ಲ ಅವರ ಸುಣ್ಣದಿಂದ ಬೆಳ್ಳಗಿದ್ದವು, ಅವರ ಗುಡಿಸಲು ಮಾತ್ರ ಹೊಗೆ ಹಿಡಿದು ಕರ್ರಗಿತ್ತು. ಹಬ್ಬದ ಹಿಂದಿನ ದಿನ ಊರೂರಿಗೆ ಸುಣ್ಣ ಹೊತ್ತು ಹೋಗುತ್ತಿದ್ದ ಹುಡುಗಿ ಕಂಡವರ ಬಾಗಿಲುಗಳನ್ನು ನೋಡಿಕೊಂಡು ಬೆಳೆದಳು. ಒಬ್ಬರ ಮನೆಗೆ ಕಲ್ಲಿನ ಚೌಕಟ್ಟು, ಇನ್ನೊಬ್ಬರ ಮನೆಗೆ ಕೆತ್ತಿದ ಹೊಸ್ತಿಲು, ಅವಳ ಮನೆಗೆ ಬಿದಿರಿನ ತಡಿಕೆ. ಅಂಥ ಬಾಗಿಲು ನೋಡಿದಾಗಲೆಲ್ಲ ಎದೆಯಲ್ಲಿ ಸುಣ್ಣಕ್ಕೆ ನೀರು ಬಿದ್ದಂತೆ ಕುದಿಯುತ್ತಿತ್ತು. ಸಂದ್ಯಾಗಪ್ಪ ಹೆಣ್ಣು ಕೇಳಲು ಬಂದಾಗ ಅವಳು ಒಡವೆ ಕೇಳಲಿಲ್ಲ. “ಕಲ್ಲಿನ ಬಾಗಿಲಿರೋ ಮನೆ ಕಟ್ಟಿಕೊಡ್ತೀಯಾ?” ಎಂದು ತಾನೇ ಕೇಳಿದಳು. “ಗಾರೆಯವನಿಗೆ ಅದೇನು ಮಹಾ?” ಎಂದು ಅವನು ನಕ್ಕಿದ್ದ. ಆ ನಗುವನ್ನು ನಂಬಿಯೇ ಅವಳು ಅವನ ಹಿಂದೆ ಬಂದದ್ದು.

ಗುಡಿಯ ಕೆಲಸ ಶುರುವಾದಾಗ ಅವಳಿಗೆ ಅದರ ಮೇಲೆ ದ್ವೇಷವೇನೂ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಗಾರೆಯ ಹೊಣೆ ಅವಳದೇ ಆಗಿತ್ತು. ಆಗ ಸಿಮೆಂಟು ಇರಲಿಲ್ಲ. ಸುಣ್ಣ ಮತ್ತು ಮರಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಸಿದ ನೀರು ಬೆರೆಸಿ ಗಾರೆ ಮಾಡುತ್ತಿದ್ದರು. ಪಾಳ್ಯದಲ್ಲಿ ಎರಡು ಬಾವಿಗಳು. ಒಂದು ಸಿಹಿನೀರಿನದು, ಇನ್ನೊಂದು ಚೌಳು ನೆಲದ ಉಪ್ಪುಬಾವಿ. ಗಾರೆಗೆ ಸಿಹಿನೀರೇ ಆಗಬೇಕು. ಉಪ್ಪು ಸೇರಿದರೆ ಗಾರೆ ಗಟ್ಟಿಯಾದಂತೆ ಕಂಡರೂ ಒಳಗೊಳಗೇ ಪುಡಿಯಾಗುತ್ತದೆ. ಇದು ಅವಳ ಅಪ್ಪ ಅವಳಿಗೆ ಹೇಳಿಕೊಟ್ಟ ಮೊದಲ ಪಾಠ. ಗುಡಿಯ ಕೊನೆಯ ಹೆಂಚು ಇಡುವತನಕ ಅವಳು ಸಿಹಿಬಾವಿಯಿಂದಲೇ ನೀರು ಹೊತ್ತಳು. ಗುಡಿ ಮುಗಿದ ಮೇಲೆ ಮನೆ ಎಂದು ಗಂಡ ಮಾತು ಕೊಟ್ಟಿದ್ದ.

ಆದರೆ ಆ ವರ್ಷಗಳಲ್ಲಿ ಸಂದ್ಯಾಗಪ್ಪನಿಗೂ ಒಂದು ಹುಳು ಹೊಕ್ಕಿತ್ತು. ಅವನು ಕಮಾನು ಎತ್ತಿ ನಿಲ್ಲಿಸಿದರೆ ಲಾಂಬೇರ್ ಸ್ವಾಮಿಗಳು ಕೆಳಗಿನಿಂದ ನೋಡಿ, “ಚೆನ್ನಾಗಿದೆ ಸಂದ್ಯಾಗಪ್ಪ. ಆದರೆ ನಮ್ಮ ಊರಿನಲ್ಲಿ ಕಮಾನಿನ ಕಲ್ಲುಗಳ ನಡುವೆ ಗಾರೆಯೇ ಕಾಣುವುದಿಲ್ಲ” ಎನ್ನುವರು. ಗೋಡೆ ಬಾಗಿಸಿ ಕಟ್ಟಿದರೆ, “ಆದರೆ ನಮ್ಮ ಊರಿನಲ್ಲಿ” ಎಂದು ಇನ್ನೊಂದು ತೆಗೆಯುವರು. ಅವರಲ್ಲಿ ಕೊಂಕಿರಲಿಲ್ಲ, ಊರು ಬಿಟ್ಟು ಬಂದವರ ನಾಲಿಗೆ ಹಾಗೆಯೇ. ಕೇಳಿಸಿಕೊಳ್ಳುವವನಿಗೆ ಮಾತ್ರ ಅದು ಮುಳ್ಳು. ಒಂದು ದಿನ ಅವನು ತಡೆಯಲಾರದೆ ಕೇಳಿದ. “ನಿಮ್ಮೂರ ಗುಡಿ ಕಟ್ಟಿದ ಗಾರೆಯವನ ಹೆಸರೇನು ಸ್ವಾಮಿ?” “ಹೆಸರು ಯಾರಿಗೂ ತಿಳಿಯದು. ಅವನು ಸತ್ತು ಆರುನೂರು ವರ್ಷಗಳಾಗಿರಬಹುದು” ಎಂದರು ಸ್ವಾಮಿಗಳು. ಬದುಕಿದ್ದವನ ಜೊತೆಗಾದರೆ ಜಗಳವಾಡಬಹುದು, ಹೆಸರಿಲ್ಲದ ಹೆಣದ ಜೊತೆಗೆ ಏನು ಮಾಡುವುದು? ಅಂದಿನಿಂದ ಸಂದ್ಯಾಗಪ್ಪ ಉಣ್ಣುವಾಗಲೂ ಆ ಸತ್ತವನ ಜೊತೆ ಪಂದ್ಯ ಕಟ್ಟಿದವನಂತಿದ್ದ. ಹೆಂಡತಿ ಏನಾದರೂ ಕೇಳಿದರೆ ‘ಹೂಂ’ ಎನ್ನುವನು, ಬೆರಳಿನಿಂದ ಮುದ್ದೆಯ ಮೇಲೆ ಕಮಾನು ಗೀರುವನು.

ಗುಡಿ ಮುಗಿಯಿತು. ಮದಲೇನಮ್ಮ ಮರುದಿನವೇ ಗುಡಿಸಲ ಪಕ್ಕದ ಜಾಗವನ್ನು ಗುಡಿಸಿ, ಮನೆಯ ಅಳತೆಗೆ ಮೂಲೆಗಳಲ್ಲಿ ಗೂಟ ಹೊಡೆದಳು. ಅದೇ ವಾರ ಸ್ವಾಮಿಗಳು ಜೇಡಿಮಣ್ಣಿನ ಬೊಂಬೆ ಹಿಡಿದು ಬಂದು, “ಇನ್ನು ಗೋಪುರ” ಎಂದರು. ಸಂದ್ಯಾಗಪ್ಪನ ಮುಖ ಮದುವೆಯ ದಿನ ಅರಳಿದ್ದಕ್ಕಿಂತ ಹೆಚ್ಚು ಅರಳಿತು ಎನ್ನುತ್ತಾರೆ. ಅವನು ಗೂಟಗಳನ್ನು ಕಿತ್ತು, ಗೋಪುರದ ಪಾಯಕ್ಕೆ ದಾರ ಕಟ್ಟಲು ಒಯ್ದ. ಅವನಿಗೆ ಅದು ಬರೀ ಗೂಟ. ಅವಳು ತಡಿಕೆಯ ಹಿಂದೆ ನಿಂತು ಅದನ್ನು ನೋಡಿದಳು.

ಅವಳ ಹೊಟ್ಟೆಕಿಚ್ಚಿಗೆ ಹೆಸರು ಕೊಟ್ಟವಳು ನೆರೆಮನೆಯ ಜಪಮಾಲಮ್ಮ. ಮೇಕೆ ಸಾಕಿಕೊಂಡಿದ್ದ ಹೆಂಗಸು, ಬಾಯಿಗೆ ಬೀಗವಿಲ್ಲ. ಒಂದು ಬೆಳಿಗ್ಗೆ ಸಿಹಿಬಾವಿಯ ಹತ್ತಿರ ಎಲ್ಲರೂ ಇರುವಾಗ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನೇ ಮದಲೇನಾ, ನಿನ್ ಗಂಡ ಸವತಿ ತಂದವ್ನಂತೆ?”

ಮದಲೇನಮ್ಮ ಹಗ್ಗ ಹಿಡಿದೇ ತಿರುಗಿದಳು. “ಯಾರೇ ಅವಳು?”

“ನಂಗೇನು ಗೊತ್ತವ್ವ. ಪರಂಗಿಯೋರ ಪೈಕಿಯಂತೆ. ದಿನದಿನಕ್ಕೂ ಉದ್ದ ಆಯ್ತಾ ಅವ್ಳಂತೆ. ಕೋಳಿ ಕೂಗೋ ಮುಂಚೆ ಹೋಗಿ ಅವಳ ಮೈ ಸವರ್ತಾ ನಿಂತಿರ್ತಾನಂತೆ ನಿನ್ ಗಂಡ!”

ಹೆಂಗಸರೆಲ್ಲ ಗೋಪುರದ ಕಡೆ ನೋಡಿ ಗೊಳ್ಳೆಂದು ನಕ್ಕರು. ಆಗಲೇ ಅವಳಿಗೆ ಅರ್ಥವಾದದ್ದು. ಅವಳೂ ನಕ್ಕಳು, ಆದರೆ ನಗು ತುಟಿಯಲ್ಲೇ ಒಣಗಿತು. ಮನುಷ್ಯ ಸವತಿಯಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಈ ಸವತಿಗೆ ಜುಟ್ಟಿಲ್ಲ. ಗಂಡ ಸಾಲು ಇಟ್ಟಿಗೆ ಇಟ್ಟು ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡುವುದನ್ನು ಅವಳು ಗಾಣದ ಬಳಿಯಿಂದ ನೋಡುತ್ತಿದ್ದಳು. ತನ್ನನ್ನು ಒಂದು ದಿನವೂ ಅವನು ಹಾಗೆ ಹಿಂದೆ ಸರಿದು ನೋಡಿರಲಿಲ್ಲ. ಗಂಟೆಯ ಸದ್ದು ಹೊರಹೋಗಲು ಮೇಲೆ ಬಿಡುವ ಗಂಟೆಕಿಟಕಿಗೆಂದು ಅವನು ಮುಂಚಿತವಾಗಿಯೇ ಕಮಾನಿನ ಕಲ್ಲುಗಳನ್ನು ಕೆತ್ತಿಡುತ್ತಿದ್ದ. ದ್ರಾಕ್ಷಿ ಬಳ್ಳಿ, ಗೋಧಿ ತೆನೆ, ಗರಿ ಬಿಚ್ಚಿದ ಪಾರಿವಾಳ. ಕಲ್ಲಿನ ಬಾಗಿಲು ಕೇಳಿದವಳು ತಾನು, ಕಲ್ಲಿನ ಬಳ್ಳಿ ಸಿಕ್ಕಿದ್ದು ಆ ಸವತಿಗೆ.

ಮರುದಿನ ಮದಲೇನಮ್ಮ ಬಿಂದಿಗೆ ಹೊತ್ತು ಉಪ್ಪುಬಾವಿಯ ಹಾದಿ ಹಿಡಿದಳು. ಗೋಪುರ ಆಗಿನ್ನೂ ಪಾಯ ಬಿಟ್ಟು ಮೊಣಕಾಲೆತ್ತರ ಎದ್ದಿತ್ತು. ಸಿಹಿಬಾವಿಯಲ್ಲಿ ನಗುವವರ ಮುಖ ನೋಡಬಾರದೆಂದು ಹೋದೆ ಎಂದು ಮೊದಲು ತನಗೇ ಹೇಳಿಕೊಂಡಳಂತೆ. ಆದರೆ ಅದರ ಮರುದಿನವೂ ಹೋದಳು, ಆಮೇಲೂ ಹೋದಳು. ಬಾವಿಯ ನೀರೊಂದೇ ಸಾಲದೆಂದು ಅಡುಗೆಮನೆಯ ಉಪ್ಪಿನ ಮಡಕೆಯಿಂದ ಹಿಡಿ ಹಿಡಿ ತಂದು ಬೆಲ್ಲದ ನೀರಿಗೆ ಹಾಕಿ ಕದಡಿದಳು. ಗೋಪುರ ಬೀಳಲಿ ಎಂದು ಅವಳು ಬೇಡಿಕೊಳ್ಳಲಿಲ್ಲ. ಬಿರುಕು ಬಿಡಲಿ, ಗಂಡನಿಗೆ ಬೇಸರವಾಗಲಿ, ಅವನು ಆ ಸವತಿಯನ್ನು ಬಿಟ್ಟು ಮನೆಗೆ ಬರಲಿ, ಇಷ್ಟೇ. ಬೇಸಿಗೆಯಿಡೀ ಗಾರೆ ಚೆನ್ನಾಗಿಯೇ ಹಿಡಿಯಿತು. ಗೋಪುರ ಗುಡಿಯ ಸೂರಿನ ಮಟ್ಟಕ್ಕೆ ಬಂತು. ಸವತಿ ಉಪ್ಪುಂಡು ಇನ್ನೂ ಕೊಬ್ಬಿದಳಲ್ಲ ಎಂದು ಮದಲೇನಮ್ಮ ಹಲ್ಲು ಕಡಿದಳು.

ಮುಂಗಾರಿನ ಮೊದಲ ಮಳೆ ಬಿದ್ದು, ಮೂರು ದಿನ ಬಿಸಿಲು ಕಾಯಿತು. ನಾಲ್ಕನೆಯ ಬೆಳಿಗ್ಗೆ ಪೂಜೆಗೆ ಬಂದವರು ಬಾಗಿಲಲ್ಲೇ ನಿಂತರು. ಗೋಪುರದ ಗೋಡೆಯ ಮೇಲೆ ಬೆಳ್ಳಗೆ ಏನೋ ಇಳಿದಿತ್ತು. ಗೋಡೆಯೊಳಗಿನ ಉಪ್ಪು ನೀರಿನಲ್ಲಿ ಕರಗಿ, ಬಿಸಿಲಿಗೆ ಹೊರಬಂದು ಅರಳಿತ್ತು, ಅಷ್ಟೇ. ಆದರೆ ಗುಡಿ ಮಾತೆಯದು, ಬಣ್ಣ ಬಿಳಿ. ಯಾರೋ ಮುದುಕಿ “ಮಾತೆಯ ಎದೆಹಾಲು!” ಎಂದು ಮೊಣಕಾಲೂರಿದಳು. ಕ್ಷಣದಲ್ಲಿ ಊರೇ ಮೊಣಕಾಲೂರಿತು. ತಾಯಂದಿರು ಅದನ್ನು ಬೆರಳಿಗೆ ಹಚ್ಚಿಕೊಂಡು ಮಕ್ಕಳ ಹಣೆಗೆ ಇಟ್ಟರು. ಅಷ್ಟರಲ್ಲಿ ಜಪಮಾಲಮ್ಮನ ಮೇಕೆಗಳು ಜನರ ನಡುವೆ ನುಗ್ಗಿ ಗೋಡೆ ನೆಕ್ಕತೊಡಗಿದವು. “ನೋಡ್ರೇ, ನಮ್ ಮೇಕೆಗೂ ಭಕ್ತಿ ಬಂದದೆ!” ಎಂದು ಅವಳು ಕಣ್ಣೊರೆಸಿಕೊಂಡಳು. ಸಂದ್ಯಾಗಪ್ಪ ಮಾತ್ರ ಮೊಣಕಾಲೂರಲಿಲ್ಲ. ಅವನು ಮೇಕೆಗಳನ್ನೇ ನೋಡುತ್ತ ನಿಂತಿದ್ದ. ಆಮೇಲೆ ಗೋಡೆಗೆ ಬೆರಳು ಒತ್ತಿ, ನಾಲಿಗೆಗೆ ಮುಟ್ಟಿಸಿಕೊಂಡ. ದೂರದಲ್ಲಿ ನಿಂತಿದ್ದ ಮದಲೇನಮ್ಮನ ಕಡೆ ಅವನು ತಿರುಗಲಿಲ್ಲ. ತಿರುಗಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಂದು ಅವನು ದೀಪ ಹಚ್ಚುವ ಹೊತ್ತಿಗೇ ಮನೆಗೆ ಬಂದ. ಎಷ್ಟೋ ತಿಂಗಳಿಂದ ಅಷ್ಟು ಬೇಗ ಬಂದವನಲ್ಲ. ಅವಳು ಮುದ್ದೆ ಇಟ್ಟು ಸಾರು ಬಡಿಸಿದಳು. ಅವನು ಒಂದು ತುತ್ತು ನುಂಗಿ ಕೈ ನಿಲ್ಲಿಸಿದ.

“ಉಪ್ಪಿಲ್ಲ.”

“ಮರೆತೆ.”

“ಮರೆತಿಲ್ಲ. ಮುಗಿದೋಗದೆ. ಮಡಕೇಲಿದ್ದದ್ದನ್ನೆಲ್ಲ ಅವಳಿಗೆ ಬಡಿಸ್ಬಿಟ್ಟಿದ್ದೀಯ.”

‘ಅದಕ್ಕೆ’ ಎಂದಿದ್ದರೆ ಅವಳು ಅತ್ತು ಕಾಲು ಹಿಡಿಯುತ್ತಿದ್ದಳೋ ಏನೋ. ‘ಅವಳಿಗೆ’ ಎಂದದ್ದು ಕೇಳಿ ಅವಳು ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಬಡಿದಳು. “ನೋಡು! ನಿನ್ ಬಾಯಲ್ಲೇ ಬಂತು ನೋಡು! ಊರೋರು ಅಂದ್ರೆ ತಮಾಷೆ ಅಂತ ತಡ್ಕೊಂಡೆ. ನನ್ ಮನೆ ಗೂಟ ಕಿತ್ತು ಅವಳ ಕಾಲಿಗೆ ಹೊಡೆದೆಯಲ್ಲ, ಆಗ ನಿನ್ ಕೈ ನಡುಗ್ತಾ? ಅವಳಿಗೆ ಪಾರಿವಾಳ, ನಂಗೆ ತಡಿಕೆ. ಹೂಂ, ನಾನೇ ಹಾಕ್ದೆ ಉಪ್ಪ! ಇನ್ನೂ ಇದ್ದಿದ್ರೆ ಇನ್ನೂ ಹಾಕ್ತಿದ್ದೆ!”

ಸಂದ್ಯಾಗಪ್ಪ ಸೌಟನ್ನು ಎತ್ತಿ ಅವಳ ಪಕ್ಕಕ್ಕಿಟ್ಟ. ಮೆಲ್ಲನೆ ಹೇಳಿದ. “ಮಾತೆ ಹಬ್ಬಕ್ಕೆ ಗಂಟೆ ಏರಿಸ್ಬೇಕು ಅಂತ ಸ್ವಾಮಿಗಳು ಹೇಳವ್ರೆ. ಎತ್ತಿನ ಭಾರದ ಗಂಟೆ. ಅದನ್ನ ಎಳೆಯುವಾಗ ಗೋಪುರದ ಬುಡದಲ್ಲಿ ನಿಂತು ಹಗ್ಗ ಹಿಡಿಯೋನು ಯಾರು ಅಂದ್ಕೊಂಡಿದ್ದೆ?”

ಅವಳು ಅದನ್ನು ಯೋಚಿಸಿರಲಿಲ್ಲ. ಹೊಟ್ಟೆಕಿಚ್ಚಿನ ಕಣ್ಣಿಗೆ ಎದುರಿಗಿರುವ ಸವತಿಯೊಬ್ಬಳೇ ಕಾಣುತ್ತಾಳೆ, ಅವಳ ಪಕ್ಕದಲ್ಲಿ ನಿಂತವನು ಕಾಣುವುದಿಲ್ಲ. ಸಂದ್ಯಾಗಪ್ಪ ಉಪ್ಪಿಲ್ಲದ ಸಾರನ್ನು ಪೂರ್ತಿ ಉಂಡು, ಕೈ ತೊಳೆದ.

ಬೆಳಿಗ್ಗೆ ಇಬ್ಬರೂ ಸ್ವಾಮಿಗಳ ಜಗಲಿಗೆ ಹೋದರು. ಹಾಲಿನ ಪವಾಡ ನಂಬಿ ದೂರದ ಊರುಗಳಿಂದ ಜನ ಆಗಲೇ ಬರತೊಡಗಿದ್ದರು. ಸಂದ್ಯಾಗಪ್ಪ ಟವಲು ಕಂಕುಳಲ್ಲಿಟ್ಟು ಹೇಳಿದ. “ಅದು ಹಾಲಲ್ಲ ಸ್ವಾಮಿ, ಉಪ್ಪು. ಬುಡದ ಗಾರೆ ಕೆಟ್ಟದೆ. ಗೋಪುರ ಇನ್ನು ಏರಕ್ಕಿಲ್ಲ, ಗಂಟೆಯಂತೂ ತಡೆಯಕ್ಕಿಲ್ಲ. ತಪ್ಪು ನಂದು. ನೀರು ಯಾವ ಬಾವೀದು ಅಂತ ನಾನು ನೋಡ್ಲಿಲ್ಲ.”

ಗಂಡ ತನ್ನನ್ನು ಕಾಪಾಡಿದನೆಂದು ಬೇರೆ ಹೆಂಗಸಾಗಿದ್ದರೆ ಸುಮ್ಮನಿರುತ್ತಿದ್ದಳು. ಮದಲೇನಮ್ಮನಿಗೆ ಅದನ್ನೂ ಸಹಿಸಲಾಗಲಿಲ್ಲ. ಸವತಿಯ ಹೆಸರಿನ ಜೊತೆ ಅವನ ಹೆಸರು ಇನ್ನೊಂದು ಸಲ ಸೇರುವುದೇ? “ಇವನಲ್ಲ ಸ್ವಾಮಿ, ನಾನು! ಅವಳಿಗೆ ಉಪ್ಪು ಹಾಕಿದ್ದು ನಾನು. ಇವನ್ಯಾಕೆ ಹೇಳ್ಕೋಬೇಕು?”

ಲಾಂಬೇರ್ ಸ್ವಾಮಿಗಳು ಅವಳ ಕಡೆ ತಿರುಗಿದರು. “ಏಕೆ ಮಗಳೇ?” ಎಂದು ಕೇಳಿದರು. ಅವಳು ಜಗಲಿಯ ಮೇಲಿದ್ದ ಜೇಡಿಮಣ್ಣಿನ ಬೊಂಬೆಯನ್ನು ತೋರಿಸಿದಳು. ಗುಡಿಯಿತ್ತು, ಗೋಪುರವಿತ್ತು, ತುದಿಯಲ್ಲಿ ಪುಟ್ಟ ಶಿಲುಬೆಯಿತ್ತು, ಸುತ್ತಲೂ ಬೋಳು ಹಲಗೆ.

“ನಿಮ್ಮೂರಲ್ಲಿ ಮನೆಗಳಿಲ್ವಾ ಸ್ವಾಮಿ? ಆ ಗುಡಿ ಕಟ್ಟಿದೋನಿಗೆ ಹೆಂಡ್ತಿ ಇರ್ಲಿಲ್ವಾ? ಅವಳು ಎಲ್ಲಿ ಮಲಗ್ತಿದ್ಲು?”

ಸ್ವಾಮಿಗಳು ಬೊಂಬೆಗೋಪುರದ ಬುಡದ ಬೋಳು ಹಲಗೆಯ ಮೇಲೆ ಬೆರಳಿಟ್ಟರು. ಅವರ ತಾಯಿಯ ಮನೆ ಆ ಗೋಪುರದ ಬುಡದಲ್ಲೇ ಇತ್ತಂತೆ. ಊರನ್ನು ನೆನೆದು ನೆನೆದು ಬೊಂಬೆ ಮಾಡಿದವರು ಅದನ್ನೇ ಇಡಲು ಮರೆತಿದ್ದರು. ಸಂದ್ಯಾಗಪ್ಪ, “ಪಾಯದವರೆಗೂ ಕೆಡವಿ ಮತ್ತೆ ಕಟ್ತೀನಿ” ಎಂದ. ಅವನ ದನಿಯಲ್ಲಿ ಇನ್ನೂ ಆ ಸತ್ತ ಗಾರೆಯವನ ಮೇಲಿನ ಹಟವಿತ್ತು. ಸ್ವಾಮಿಗಳು ಬೇಡವೆಂದರು. “ಅದು ಅಷ್ಟೇ ಇರಲಿ, ಮೇಲೆ ಹೆಂಚು ಹೊದಿಸು. ಗಂಟೆಯನ್ನು ಅಂಗಳದಲ್ಲಿ ಕಟ್ಟೋಣ. ಕೆತ್ತಿದ ಕಲ್ಲುಗಳನ್ನು ಈಕೆಗೆ ಕೊಡು.” ಅಂದೇ ಅವರು ಗುಡಿಯ ಮುಂದೆ ನಿಂತು ಪವಾಡವಲ್ಲ, ಉಪ್ಪು ಎಂದು ಜನರಿಗೆ ತಾವೇ ಹೇಳಿದರು. ಯಾರು ಹಾಕಿದರೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಜಪಮಾಲಮ್ಮ ಇದ್ದಳಲ್ಲ.

ಹೀಗೆ ಗಂಟೆಕಿಟಕಿಯ ಕಲ್ಲುಗಳಿಂದ ಮದಲೇನಮ್ಮನ ಮನೆಯ ಬಾಗಿಲಾಯಿತು. ಎತ್ತರದಲ್ಲಿ ದೂರದಿಂದ ಕಾಣಬೇಕೆಂದು ಕೆತ್ತಿದ ಕಮಾನು ಅದು, ಮೋಟು ಮನೆಗೆ ಬಹಳ ದೊಡ್ಡದು. ಅದಕ್ಕೇ ಮನೆಯ ಮುಂಗೋಡೆಯಲ್ಲಿ ಬಾಗಿಲೇ ಹೆಚ್ಚು, ಗೋಡೆ ಕಡಿಮೆ. ಆ ಸತ್ತವನನ್ನು ಗೆಲ್ಲುವ ಆಸೆಯನ್ನೆಲ್ಲ ಸಂದ್ಯಾಗಪ್ಪ ಅಲ್ಲಿಯೇ ತೀರಿಸಿಕೊಂಡ. ಕಲ್ಲುಗಳ ನಡುವೆ ಕೂದಲೆಳೆಯೂ ತೂರುವುದಿಲ್ಲ. ಗೃಹಪ್ರವೇಶದ ದಿನ ಹರಸಲು ಬಂದ ಲಾಂಬೇರ್ ಸ್ವಾಮಿಗಳು ಬಾಗಿಲ ಮುಂದೆ ನಿಂತು, ಅಭ್ಯಾಸದಂತೆ “ಚೆನ್ನಾಗಿದೆ ಸಂದ್ಯಾಗಪ್ಪ. ಆದರೆ ನಮ್ಮ ಊರಿನಲ್ಲಿ” ಎಂದು ಶುರು ಮಾಡಿ ತಡೆದರು. “ನಮ್ಮ ಊರಿನಲ್ಲಿ ಇಂಥ ಬಾಗಿಲು ಯಾರ ಮನೆಗೂ ಇಲ್ಲ” ಎಂದರು ಸ್ವಾಮಿಗಳು.

ಇಷ್ಟಾದ ಮೇಲೆ ಮದಲೇನಮ್ಮನ ಹೊಟ್ಟೆಕಿಚ್ಚು ಆರಿತೆಂದು ಯಾರಾದರೂ ತಿಳಿದರೆ ತಪ್ಪು. ಹಬ್ಬಕ್ಕೆ ಗುಡಿಗೆ ಸುಣ್ಣ ಬಳಿಯಲು ಬಂದವರ ಮುಂದೆ ಅವಳು ಅಡ್ಡ ನಿಂತು, ಮೊದಲ ಬಕೆಟ್ಟು ತನ್ನ ಗೋಡೆಗೆ ಎಂದಳು. ಹಿರಿಯಳು ಯಾರು, ಕಿರಿಯಳು ಯಾರು ಎಂಬ ಲೆಕ್ಕ ಅವಳಿಗಿತ್ತು. ಆ ಮನೆಯಲ್ಲಿ ಈಗ ಅವಳ ಮರಿಮೊಮ್ಮಗನ ಸಂಸಾರವಿದೆ. ಇಂದಿಗೂ ಮಾತೆಯ ಹಬ್ಬದ ಮುಂಚೆ ಮೊದಲ ಬಕೆಟ್ಟು ಸುಣ್ಣ ರಸ್ತೆ ದಾಟಿ ಅಲ್ಲಿಗೆ ಹೋಗುತ್ತದೆ. ಅದು ಬಳಿದಾದ ಮೇಲೆಯೇ ಗುಡಿಯ ಸರದಿ.

ಬಂದವರು ಗೋಪುರದ ಬುಡವನ್ನೂ ನೋಡಬೇಕು. ಮಳೆ ಬಿದ್ದು ಬಿಸಿಲು ಕಾದರೆ ಅಲ್ಲಿ ಇಂದಿಗೂ ಬೆಳ್ಳಗೆ ಅರಳುತ್ತದೆ. ಮೇಕೆಯ ಬಾಯಿ ಎಟಕುವ ಎತ್ತರದಲ್ಲಿ ಇಟ್ಟಿಗೆಗಳು ಸವೆದು, ಬೋಗುಣಿಯಂತೆ ತಗ್ಗಾಗಿ ನುಣುಪಾಗಿವೆ. ಗುಡಿಯ ಹೂಗಿಡಕ್ಕೆ ಬಾಯಿ ಹಾಕಿದ ಮೇಕೆಯನ್ನು ಯಾರಾದರೂ ಓಡಿಸುತ್ತಾರೆ, ಗೋಪುರ ನೆಕ್ಕುವ ಮೇಕೆಯನ್ನು ಮಾತ್ರ ಯಾರೂ ಓಡಿಸುವುದಿಲ್ಲ. ಕೇಳಿದರೆ ಮದಲೇನಮ್ಮನ ಮಾತು ಹೇಳುತ್ತಾರೆ. ಹಲ್ಲೆಲ್ಲ ಬಿದ್ದು, ಗಂಡನೂ ತೀರಿಹೋದ ಮೇಲೆ, ಅವಳು ಆ ದೊಡ್ಡ ಬಾಗಿಲ ಹೊಸ್ತಿಲಲ್ಲಿ ದಿನವಿಡೀ ಗೋಪುರಕ್ಕೆ ಎದುರಾಗಿ ಕುಳಿತಿರುತ್ತಿದ್ದಳಂತೆ. ಯಾರಾದರೂ ಮೇಕೆಗೆ ಕೋಲೆತ್ತಿದರೆ ಅಲ್ಲಿಂದಲೇ ಕೂಗುತ್ತಿದ್ದಳು:

“ಬಿಡ್ರೋ, ನೆಕ್ಲಿ. ಅವಳೂ ಒಸಿ ಸವೆಯ್ಲಿ.”